ರೋಮ್ ಪತನವಾದದ್ದು 476ರಲ್ಲೋ 1453ರಲ್ಲೋ? ಪೂರ್ವ ಮತ್ತು ಪಶ್ಚಿಮ ಯುರೋಪು ಬೇರೆಯಾದ ಬಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ರೋಮನ್ ಸಾಮ್ರಾಜ್ಯ ಕ್ರಿ.ಶ. 476ರಲ್ಲಿ ಪತನವಾಯಿತು ಎಂದು ಒಂದು ಕಡೆ ಹೇಳುತ್ತೇವೆ. 1453ರಲ್ಲಿ ಅಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡಾಗ ಪೂರ್ವ ರೋಮನ್ ಸಾಮ್ರಾಜ್ಯ ಕೊನೆಗೊಂಡಿತು ಎಂದು ಇನ್ನೊಂದು ಕಡೆ ಹೇಳುತ್ತೇವೆ. "ಮಿಸ್, ಬಿದ್ದುಹೋದ ಸಾಮ್ರಾಜ್ಯ ಮತ್ತೆ ಸಾವಿರ ವರ್ಷ ಹೇಗೆ ಇತ್ತು?" ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. 395ರಲ್ಲಿ ಸಾಮ್ರಾಜ್ಯ ಎರಡು ಪಾಲಾಗಿತ್ತು ಎಂದು ಉತ್ತರಿಸಿದೆ. ಅದು ನನಗೇ ಸಮಾಧಾನ ಕೊಡಲಿಲ್ಲ. 1054ರ ಚರ್ಚ್ ವಿಭಜನೆಯೇ ಮೂಲ ಕಾರಣ ಎಂದು ಕೆಲವರು ಬರೆಯುತ್ತಾರೆ. ಶೀತಲ ಸಮರದ ಕಾಲದ ಪೂರ್ವ–ಪಶ್ಚಿಮ ಯುರೋಪಿನ ಗಡಿಯೂ ಇಂದಿನ ಉಕ್ರೇನ್ ಯುದ್ಧವೂ ಅದೇ ರೋಮನ್ ಗೆರೆಯ ಮುಂದುವರಿಕೆ ಎಂದು ಒಂದು ವಿಡಿಯೋದಲ್ಲಿ ಕೇಳಿದೆ. ಇವುಗಳಲ್ಲಿ ಯಾವುದು ನಿಜ? ಮಕ್ಕಳಿಗೆ ಯಾವುದನ್ನು ಹೇಳಬೇಕು?

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಮಧ್ಯಯುಗದ ಯುರೋಪನ್ನು ಓದುವವರೆಲ್ಲರೂ ಎದುರಿಸಬೇಕಾದ ಮೊದಲ ಪ್ರಶ್ನೆ. ವಿಶ್ವವಿದ್ಯಾಲಯದಲ್ಲಿ ಈ ಕಾಲಘಟ್ಟವನ್ನು ಪಾಠ ಮಾಡುವ ನನಗೆ ಸ್ನಾತಕೋತ್ತರ ತರಗತಿಗಳಲ್ಲಿಯೂ ಇದೇ ಗೊಂದಲ ಎದುರಾಗುತ್ತದೆ. ನಿಮ್ಮ ಪತ್ರದ ಹಿಂದಿರುವ ಆತಂಕವನ್ನು ನಾನು ಹೀಗೆ ಗ್ರಹಿಸಿದ್ದೇನೆ: ಒಡಕಿಗೆ ಒಂದು ನಿಶ್ಚಿತ ದಿನಾಂಕವಿರಬೇಕು, ಆ ದಿನಾಂಕ ಯಾವುದೆಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ ಎಂಬ ನಿರೀಕ್ಷೆ ಪಠ್ಯಪುಸ್ತಕಗಳಲ್ಲಿದೆ, ಆದರೆ ನೀವು ಕೇಳಿರುವ ನಾಲ್ಕು ದಿನಾಂಕಗಳೂ ಆ ಭಾರವನ್ನು ಹೊರುತ್ತಿಲ್ಲ. ನಿಮ್ಮ ಸಂದೇಹ ಸರಿಯಾಗಿಯೇ ಇದೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. 476ರಲ್ಲಿ ಕೊನೆಗೊಂಡದ್ದು ಇಟಲಿಯಲ್ಲಿದ್ದ ಒಂದು ಆಸ್ಥಾನ. ರೋಮನ್ ರಾಜ್ಯವೆಂಬ ಸಂಸ್ಥೆ, ಅಂದರೆ ಅದರ ಕಾನೂನು, ಕಂದಾಯ, ಸಂಬಳದ ಸೈನ್ಯ ಮತ್ತು ಚಕ್ರವರ್ತಿಯ ಪೀಠ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮುಂದುವರಿಯಿತು. ಅಲ್ಲಿನ ಜನ ಗ್ರೀಕ್ ಮಾತನಾಡುತ್ತಿದ್ದರೂ ಕೊನೆಯವರೆಗೆ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು; 'ಬೈಜಾಂಟೈನ್' ಎಂಬ ಹೆಸರನ್ನು ಆ ರಾಜ್ಯಕ್ಕೆ ಅಂಟಿಸಿದವರು ಅದು ಅಳಿದ ಮೇಲೆ, 16ನೇ ಶತಮಾನದಿಂದ ಈಚೆಗೆ, ಪಶ್ಚಿಮ ಯುರೋಪಿನ ವಿದ್ವಾಂಸರು. ಬೇರೆ ಹೆಸರಿಟ್ಟ ಕಾರಣಕ್ಕೇ ಅದು ಬೇರೆ ಸಾಮ್ರಾಜ್ಯವೆಂಬ ಭಾವನೆ ನಮ್ಮ ಪಠ್ಯಗಳಲ್ಲಿ ನೆಲೆಯೂರಿದೆ.

ಇನ್ನು 395. ಚಕ್ರವರ್ತಿ ಥಿಯೋಡೋಸಿಯಸ್ ಆ ವರ್ಷದ ಜನವರಿಯಲ್ಲಿ ತೀರಿಕೊಂಡಾಗ ಹಿರಿಯ ಮಗ ಅರ್ಕೇಡಿಯಸ್ ಪೂರ್ವಕ್ಕೂ ಕಿರಿಯ ಮಗ ಹೊನೋರಿಯಸ್ ಪಶ್ಚಿಮಕ್ಕೂ ಚಕ್ರವರ್ತಿಗಳಾದದ್ದು ನಿಜ. ಆದರೆ ಅಂಥ ಹಂಚಿಕೆ ಆಗ ಹೊಸದೇನಾಗಿರಲಿಲ್ಲ. ಡಯೋಕ್ಲೀಷಿಯನ್ 286ರಲ್ಲಿಯೇ ಮ್ಯಾಕ್ಸಿಮಿಯನ್‌ನನ್ನು ಸಹಚಕ್ರವರ್ತಿಯಾಗಿ ಮಾಡಿಕೊಂಡು, 293ರಲ್ಲಿ ನಾಲ್ವರ ಆಡಳಿತ ರೂಪಿಸಿದ್ದ. ಬ್ರಿಟನ್ನಿನಿಂದ ಯೂಫ್ರೆಟಿಸ್‌ವರೆಗೆ ಹರಡಿದ್ದ ಗಡಿಯನ್ನು ಒಬ್ಬನೇ ಕಾಯುವುದು ಅಸಾಧ್ಯವಾಗಿದ್ದರಿಂದ ಈ ಏರ್ಪಾಡು ಆಗಾಗ ಮರಳಿ ಬರುತ್ತಿತ್ತು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೂ ಜಮೀನಿನ ಪಹಣಿ ತಂದೆಯ ಹೆಸರಿನಲ್ಲಿಯೇ ಉಳಿದಿರುವ ಮನೆಗಳನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ; 395ರ ಏರ್ಪಾಡು ಹೆಚ್ಚುಕಡಿಮೆ ಅಂಥದ್ದು. ಕಾನೂನುಗಳು ಇಬ್ಬರು ಚಕ್ರವರ್ತಿಗಳ ಹೆಸರಿನಲ್ಲಿಯೂ ಹೊರಡುತ್ತಿದ್ದವು. 438ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿದ್ಧವಾದ ಥಿಯೋಡೋಸಿಯಸ್ ಸಂಹಿತೆಯನ್ನು ಪಶ್ಚಿಮದ ಆಸ್ಥಾನವೂ ರೋಮ್‌ನ ಸೆನೆಟ್ಟೂ ಸ್ವೀಕರಿಸಿದವು. ಯುರೋಪು ಅಂದು ಎರಡಾಯಿತೆಂದು ಆ ಕಾಲದವರು ಯಾರೂ ಭಾವಿಸಿರಲಿಲ್ಲ.

476ರ ಘಟನೆಯೂ ಸಮಕಾಲೀನರಿಗೆ ಅಷ್ಟು ದೊಡ್ಡದಾಗಿ ಕಂಡಿರಲಿಕ್ಕಿಲ್ಲ. ಇಟಲಿಯ ಸೈನ್ಯದ ದಳಪತಿ ಓಡೊವೇಕರ್, ಬಾಲಕ ಚಕ್ರವರ್ತಿ ರೋಮುಲಸ್ ಅಗಸ್ಟುಲಸ್‌ನನ್ನು ಪದಚ್ಯುತಗೊಳಿಸಿ, ಪಶ್ಚಿಮಕ್ಕೆ ಇನ್ನು ಬೇರೆ ಚಕ್ರವರ್ತಿ ಬೇಡವೆಂದು ಹೇಳಿಸಿ, ರಾಜಲಾಂಛನಗಳನ್ನು ಪೂರ್ವದ ಚಕ್ರವರ್ತಿ ಜೀನೊಗೆ ಕಳುಹಿಸಿಕೊಟ್ಟ. ಪೂರ್ವದವರು ಮಾನ್ಯ ಮಾಡಿದ್ದ ಜೂಲಿಯಸ್ ನೆಪೋಸ್ ಎಂಬ ಇನ್ನೊಬ್ಬ ಪಶ್ಚಿಮದ ಚಕ್ರವರ್ತಿ ಡಾಲ್ಮೇಷಿಯಾದಲ್ಲಿ 480ರವರೆಗೂ ಬದುಕಿದ್ದ. ಅನಂತರ ಇಟಲಿಯನ್ನಾಳಿದ, ಗಾಥ್ ಎಂಬ ಜರ್ಮನಿಕ್ ಜನಾಂಗದ ದೊರೆ ಥಿಯೋಡೊರಿಕ್‌ನ ಕಾಲದಲ್ಲಿ ಸೆನೆಟ್ ಸಭೆ ಸೇರುತ್ತಿತ್ತು, ರೋಮನ್ ಅಧಿಕಾರಿಗಳು ರೋಮನ್ ಪದ್ಧತಿಯಲ್ಲಿಯೇ ಕಂದಾಯ ಎತ್ತುತ್ತಿದ್ದರು.

ಹಾಗಾದರೆ ನಿಜವಾದ ಬದಲಾವಣೆ ಎಲ್ಲಿ ನಡೆಯಿತು? ನನ್ನ ತಿಳಿವಳಿಕೆಯಂತೆ ಅದು ನಡೆದದ್ದು ಬೊಕ್ಕಸದಲ್ಲಿ. ರೋಮನ್ ರಾಜ್ಯದ ಮೂಲ ಸೂತ್ರ ಸರಳವಾದದ್ದು: ಭೂಕಂದಾಯ ಎತ್ತುವುದು, ಅದರಿಂದ ಸೈನ್ಯಕ್ಕೆ ಸಂಬಳ ಕೊಡುವುದು, ಆ ಸೈನ್ಯದಿಂದ ಕಂದಾಯ ಕೊಡುವ ಪ್ರಾಂತಗಳನ್ನು ಕಾಯುವುದು. ಈ ಚಕ್ರ ಪೂರ್ವದಲ್ಲಿ ತಿರುಗುತ್ತಲೇ ಇತ್ತು. ಪಶ್ಚಿಮದಲ್ಲಿ 5ನೇ ಶತಮಾನದಲ್ಲಿ ಮುರಿಯಿತು. ಪೂರ್ವದವರು ಹೆಚ್ಚು ಶೂರರಾಗಿದ್ದರು ಅಥವಾ ಪಶ್ಚಿಮದವರು ಭೋಗಜೀವನದಿಂದ ಕೆಟ್ಟರು ಎಂಬ ಹಳೆಯ ವಿವರಣೆ ನಿಲ್ಲುವುದಿಲ್ಲ. ಆ ಕಾಲದ ಅತಿದೊಡ್ಡ ಸೋಲು, 378ರ ಆಡ್ರಿಯನೋಪಲ್ ಕದನ, ಪೂರ್ವದ ಸೈನ್ಯಕ್ಕೆ ಆದದ್ದು. ಅದರಲ್ಲಿ ಪೂರ್ವದ ಚಕ್ರವರ್ತಿ ವ್ಯಾಲೆನ್ಸ್ ಸತ್ತುಹೋದ. ಆದರೂ ಪೂರ್ವ ಚೇತರಿಸಿಕೊಂಡಿತು, ಏಕೆಂದರೆ ಅದರ ಸಂಪತ್ತು ಈಜಿಪ್ಟ್, ಸಿರಿಯಾ ಮತ್ತು ಏಷ್ಯಾ ಮೈನರ್‌ಗಳಲ್ಲಿತ್ತು. ಡ್ಯಾನ್ಯೂಬ್ ದಾಟಿ ಬಂದ ಶತ್ರು ಬಾಲ್ಕನ್ ಪ್ರದೇಶವನ್ನೆಲ್ಲ ಕೊಳ್ಳೆಹೊಡೆದರೂ, 413ರ ವೇಳೆಗೆ ಕಟ್ಟಿದ ಕಾನ್‌ಸ್ಟಾಂಟಿನೋಪಲ್‌ನ ಗೋಡೆಗಳೂ ಅದರಾಚೆಯ ಜಲಸಂಧಿಯೂ ಅವನನ್ನು ಏಷ್ಯಾಕ್ಕೆ ಹೋಗಗೊಡುತ್ತಿರಲಿಲ್ಲ. ಪರ್ಷಿಯಾದೊಂದಿಗೆ 5ನೇ ಶತಮಾನದ ಬಹುಭಾಗ ಶಾಂತಿಯಿದ್ದದ್ದೂ ಪೂರ್ವದ ಭಾಗ್ಯ. ಹೂಣರ ದೊರೆ ಅಟ್ಟಿಲನಿಗೆ ವರ್ಷಕ್ಕೆ 2,100 ಪೌಂಡ್ ಚಿನ್ನ ಕೊಡಲು ಒಪ್ಪಿಕೊಳ್ಳಬೇಕಾಗಿ ಬಂದಾಗ ಅದು ಅವಮಾನವಾಗಿದ್ದರೂ ಕೊಡುವ ಶಕ್ತಿ ಪೂರ್ವಕ್ಕಿತ್ತು.

ಪಶ್ಚಿಮಕ್ಕೆ ಅಂಥ ರಕ್ಷಿತ ಹಿನ್ನೆಲ ಇದ್ದದ್ದು ಒಂದೇ ಕಡೆ, ಉತ್ತರ ಆಫ್ರಿಕಾದಲ್ಲಿ. 406ರ ಕೊನೆಯಲ್ಲಿ ವ್ಯಾಂಡಲರೆಂಬ ಜರ್ಮನಿಕ್ ಜನ ಮತ್ತಿತರರು ರೈನ್ ನದಿ ದಾಟಿ ಗಾಲ್ (ಇಂದಿನ ಫ್ರಾನ್ಸ್) ಮತ್ತು ಸ್ಪೇನ್‌ಗಳಿಗೆ ನುಗ್ಗಿದರು; 410ರಲ್ಲಿ ಗಾಥರು ರೋಮ್ ನಗರವನ್ನು ಲೂಟಿ ಮಾಡಿದರು. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಮಾರಕವಾದ ವರ್ಷ 439. ಆಗ ವ್ಯಾಂಡಲರು ಕಾರ್ಥೇಜನ್ನು ಹಿಡಿದರು. ರೋಮ್‌ಗೆ ಬರುತ್ತಿದ್ದ ಧಾನ್ಯವೂ ಪಶ್ಚಿಮದ ಆಸ್ಥಾನಕ್ಕೆ ಬರುತ್ತಿದ್ದ ಅತ್ಯುತ್ತಮ ಕಂದಾಯವೂ ಒಟ್ಟಿಗೆ ಕೈತಪ್ಪಿದವು. ಕೆಲವೇ ವರ್ಷಗಳಲ್ಲಿ, 444ರ ಸುಮಾರಿಗೆ, ಮೂರನೆಯ ವ್ಯಾಲೆಂಟಿನಿಯನ್ ಹೊರಡಿಸಿದ ಕಾನೂನೊಂದು ಇರುವ ಆದಾಯದಿಂದ ಹಳೆಯ ಸೈನಿಕರಿಗೇ ಊಟ ಬಟ್ಟೆ ಒದಗಿಸಲಾಗುತ್ತಿಲ್ಲವೆಂದು ಬಾಯಿಬಿಟ್ಟು ಹೇಳಿ, ಮಾರಾಟದ ಮೇಲೆ ಹೊಸ ತೆರಿಗೆ ಹಾಕಿತು. ಆಫ್ರಿಕಾವನ್ನು ಮರಳಿ ಪಡೆಯಲು 468ರಲ್ಲಿ ಪೂರ್ವದ ಆಸ್ಥಾನವೇ ಅಪಾರ ವೆಚ್ಚದಲ್ಲಿ ನೌಕಾಪಡೆಯನ್ನು ಕಳುಹಿಸಿತು. ವ್ಯಾಂಡಲರ ಬೆಂಕಿದೋಣಿಗಳಿಗೆ ಆ ಪಡೆ ಬಲಿಯಾಯಿತು. ಈ ಸಂಗತಿಯನ್ನು ನಾನು ಪ್ರತಿ ತರಗತಿಯಲ್ಲಿಯೂ ಒತ್ತಿ ಹೇಳುತ್ತೇನೆ, ಏಕೆಂದರೆ ಪೂರ್ವವು ಪಶ್ಚಿಮವನ್ನು ಕೈಬಿಟ್ಟಿತೆಂಬ ದೂರು ಪುಸ್ತಕಗಳಲ್ಲಿ ಪದೇಪದೇ ಕಾಣುತ್ತದೆ.

ಪೂರ್ವದ ಬೊಕ್ಕಸದ ಬಲಕ್ಕೆ ನಿಮ್ಮ ಜಿಲ್ಲೆಯಲ್ಲಿಯೇ ಸಾಕ್ಷ್ಯವಿದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಜಾರಿಗೆ ತಂದ ಸಾಲಿಡಸ್ ಎಂಬ ಚಿನ್ನದ ನಾಣ್ಯವನ್ನು ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ, ತಲಾ ಸುಮಾರು 4.5 ಗ್ರಾಂ ತೂಕಕ್ಕೆ ಅಚ್ಚು ಹಾಕುತ್ತಿದ್ದರು. 11ನೇ ಶತಮಾನದವರೆಗೂ ಅದರ ಶುದ್ಧತೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ಚಿನ್ನದ ನಾಣ್ಯಗಳ ನಿಧಿಯಲ್ಲಿ 5 ಮತ್ತು 6ನೇ ಶತಮಾನಗಳ ಪೂರ್ವ ರೋಮನ್ ಚಕ್ರವರ್ತಿಗಳ ನಾಣ್ಯಗಳಿವೆ. 476ರ ಆಸುಪಾಸಿನಲ್ಲಿ ಯಾವ ರೋಮ್ ಬದುಕಿತ್ತು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಿಮಗೆ ಸಿಗಲಾರದು. 518ರಲ್ಲಿ ತೀರಿಕೊಂಡ ಚಕ್ರವರ್ತಿ ಅನಸ್ಟೇಷಿಯಸ್ ಬೊಕ್ಕಸದಲ್ಲಿ 3,20,000 ಪೌಂಡ್ ಚಿನ್ನ ಬಿಟ್ಟುಹೋಗಿದ್ದನೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ; ಇಂದಿನ ಲೆಕ್ಕದಲ್ಲಿ ಅದು 100 ಟನ್ನಿಗೂ ಹೆಚ್ಚು.

ಪಶ್ಚಿಮದಲ್ಲಿ ಹೊಸ ದೊರೆಗಳು ಸೈನಿಕರಿಗೆ ಸಂಬಳದ ಬದಲು ನೆಲ ಕೊಟ್ಟರು. ಒಮ್ಮೆ ನೆಲ ಸಿಕ್ಕ ಮೇಲೆ ಸೈನಿಕನಿಗೆ ಕಂದಾಯದ ಅಗತ್ಯವಿಲ್ಲ, ಕಂದಾಯದ ಅಗತ್ಯವಿಲ್ಲದ ರಾಜ್ಯಕ್ಕೆ ಲೆಕ್ಕ ಬರೆಯುವ ಅಧಿಕಾರಿಗಳ ಅಗತ್ಯವೂ ಕಡಿಮೆ. ಇದು ಒಂದೇ ದಿನದಲ್ಲಿ ಆಗಲಿಲ್ಲ. ಗಾಲ್‌ನಲ್ಲಿ ಆಳುತ್ತಿದ್ದ ಫ್ರಾಂಕ್ ಜನಾಂಗದ ದೊರೆಗಳು 6ನೇ ಶತಮಾನದಲ್ಲಿಯೂ ಕಂದಾಯ ಎತ್ತಲು ನೋಡಿದರು. ಆದರೆ ಟ್ರಿಯರ್ ನಗರದಲ್ಲಿ ಪಾರ್ಥೇನಿಯಸ್ ಎಂಬ ರೋಮನ್ ಅಧಿಕಾರಿಯನ್ನು, ಅವನು ವಿಧಿಸಿದ ತೆರಿಗೆಗಳ ಸಿಟ್ಟಿಗೆ, ಚರ್ಚಿನಲ್ಲಿ ಅಡಗಿದ್ದವನನ್ನು ಎಳೆದು ಜನ ಕೊಂದರು. ಕೆಲವು ದಶಕಗಳ ಅನಂತರ ದೊರೆ ಚಿಲ್ಪೆರಿಕ್ ಮತ್ತು ಅವನ ರಾಣಿ ಫ್ರೆಡೆಗುಂಡ್ ತಮ್ಮ ಮಕ್ಕಳ ಕಾಯಿಲೆ ದೇವರ ಶಿಕ್ಷೆಯೆಂದು ಭಾವಿಸಿ, ಹೊಸ ತೆರಿಗೆಯ ದಾಖಲೆಗಳನ್ನು ತಾವೇ ಬೆಂಕಿಗೆ ಹಾಕಿದರು. ಟೂರ್ಸ್‌ನ ಬಿಷಪ್ ಗ್ರೆಗರಿ ದಾಖಲಿಸಿರುವ ಈ ಎರಡು ಪ್ರಸಂಗಗಳನ್ನು ಓದಿದರೆ ಪಶ್ಚಿಮ ಯಾವ ದಾರಿ ಹಿಡಿಯಿತೆಂಬುದು ಯಾವ ಸಿದ್ಧಾಂತಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಅಧಿಕಾರವೆಂದರೆ ನೆಲವಾಯಿತು, ನೆಲ ಹಿಡಿದವನು ಕತ್ತಿ ಹಿಡಿಯಬೇಕಾಯಿತು, ಓದುಬರಹ ಬಹುಮಟ್ಟಿಗೆ ಚರ್ಚು ಮತ್ತು ಮಠಗಳ ಪಾಲಾಯಿತು. ಪೂರ್ವದಲ್ಲಾದರೋ ಸಂಬಳ ಪಡೆಯುವ, ಚರ್ಚಿಗೆ ಸೇರದ, ವಿದ್ಯಾವಂತ ಅಧಿಕಾರಿ ವರ್ಗವೊಂದು ಎಷ್ಟೇ ಸೊರಗಿದರೂ ಉಳಿದುಕೊಂಡಿತು.

ಧರ್ಮದ ವಿಷಯ ಇಲ್ಲಿಂದಲೇ ಅರ್ಥವಾಗಬೇಕು. ಪೂರ್ವ ಮತ್ತು ಪಶ್ಚಿಮದ ಕ್ರೈಸ್ತರು ಒಂದೇ ಚರ್ಚಿನವರಾಗಿದ್ದರೂ ಅವರ ಧರ್ಮಾಧಿಕಾರಿಗಳ ಪರಿಸ್ಥಿತಿ ಬೇರೆಬೇರೆಯಾಗಿತ್ತು. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಚರ್ಚಿನ ಮುಖ್ಯಸ್ಥ, ಅರಮನೆಯ ಪಕ್ಕದಲ್ಲಿದ್ದ. ರೋಮ್‌ನ ಪೋಪ್‌ಗೆ ಹತ್ತಿರದಲ್ಲಿ ಅರಮನೆಯೇ ಇರಲಿಲ್ಲ. ನಗರಕ್ಕೆ ಧಾನ್ಯ ತರಿಸುವುದರಿಂದ ಹಿಡಿದು ಶತ್ರುಗಳೊಂದಿಗೆ ಸಂಧಾನ ಮಾಡುವವರೆಗೆ ಪೋಪ್ ತಾನೇ ನಿಲ್ಲಬೇಕಾಗುತ್ತಿತ್ತು. ಇಷ್ಟು ಹೇಳಿದ ಕೂಡಲೇ, ಪೂರ್ವದಲ್ಲಿ ಚರ್ಚು ಚಕ್ರವರ್ತಿಯ ಗುಲಾಮನಾಗಿತ್ತು ಎಂದು ತೀರ್ಮಾನಿಸಬಾರದು. ಅದೊಂದು ಹಳೆಯ, ಹಟಮಾರಿ ತಪ್ಪುಕಲ್ಪನೆ. 8 ಮತ್ತು 9ನೇ ಶತಮಾನಗಳಲ್ಲಿ ಪವಿತ್ರ ಚಿತ್ರಗಳನ್ನು ನಿಷೇಧಿಸಿದ ಚಕ್ರವರ್ತಿಗಳ ನೀತಿ ಕೊನೆಗೆ ಸೋತಿತು. ರೋಮ್‌ನೊಂದಿಗೆ ಐಕ್ಯವಾಗಲು 1274ರಲ್ಲಿ ಲಿಯಾನ್‌ನಲ್ಲಿ, 1439ರಲ್ಲಿ ಫ್ಲಾರೆನ್ಸ್‌ನಲ್ಲಿ ಚಕ್ರವರ್ತಿಗಳೇ ಒಪ್ಪಿಕೊಂಡು ಬಂದರೂ ಸನ್ಯಾಸಿಗಳು ಮತ್ತು ಸಾಮಾನ್ಯ ಜನ ಅದನ್ನು ಮಾನ್ಯ ಮಾಡಲಿಲ್ಲ.

6ನೇ ಶತಮಾನದಲ್ಲಿ ಪೂರ್ವದ ಚಕ್ರವರ್ತಿ ಜಸ್ಟಿನಿಯನ್ ಎರಡೂ ಭಾಗಗಳನ್ನು ಮತ್ತೆ ಕೂಡಿಸಲು ಹೊರಟ. ಆಫ್ರಿಕಾ 533–34ರಲ್ಲಿ ಬೇಗನೆ ಕೈವಶವಾಯಿತು; ಇಟಲಿಯ ಯುದ್ಧ ಮಾತ್ರ 535ರಿಂದ ಸುಮಾರು 20 ವರ್ಷ ಎಳೆಯಿತು. ಆ ಯುದ್ಧ ಹಾಗೂ 541ರಲ್ಲಿ ಆರಂಭವಾದ ಪ್ಲೇಗ್ ಇಟಲಿಯನ್ನು ಹೇಗೆ ಬರಿದುಮಾಡಿದವೆಂದರೆ, ಗಾಥರ ಆಡಳಿತದಲ್ಲಿ ಉಳಿದಿದ್ದ ರೋಮನ್ ವ್ಯವಸ್ಥೆ ರೋಮನ್ನರ ಮರುವಿಜಯದಿಂದಲೇ ಹಾಳಾಯಿತು. 568ರಲ್ಲಿ ಲೊಂಬಾರ್ಡರೆಂಬ ಇನ್ನೊಂದು ಜರ್ಮನಿಕ್ ಜನ ಆಲ್ಪ್ಸ್ ದಾಟಿ ಬಂದಾಗ ತಡೆಯುವ ಬಲ ಉಳಿದಿರಲಿಲ್ಲ. ಇತಿಹಾಸದಲ್ಲಿ ನನಗೆ ಅತ್ಯಂತ ದುಃಖ ತರುವ ಅಧ್ಯಾಯಗಳಲ್ಲಿ ಇದೂ ಒಂದು.

ಒಡಕು ಗಟ್ಟಿಯಾದದ್ದು 7ನೇ ಶತಮಾನದಲ್ಲಿ. ಪರ್ಷಿಯಾದೊಂದಿಗಿನ ದೀರ್ಘ ಯುದ್ಧ 628ರಲ್ಲಿ ಮುಗಿಯುವ ಹೊತ್ತಿಗೆ ಪೂರ್ವ ಬಳಲಿತ್ತು. 636ರ ಯರ್ಮೂಕ್ ಕದನದ ಅನಂತರ ಅರಬ್ಬರು ಸಿರಿಯಾವನ್ನು, 642ರ ವೇಳೆಗೆ ಈಜಿಪ್ಟನ್ನು ಗೆದ್ದುಕೊಂಡರು. ಈಜಿಪ್ಟಿನ ಧಾನ್ಯವನ್ನು ನಂಬಿದ್ದ ಕಾನ್‌ಸ್ಟಾಂಟಿನೋಪಲ್‌ನ ಉಚಿತ ರೊಟ್ಟಿ ಹಂಚಿಕೆ ಪರ್ಷಿಯನ್ನರ ದಾಳಿಯ ಕಾಲದಲ್ಲಿ, 618ರಲ್ಲಿಯೇ ನಿಂತುಹೋಗಿತ್ತು. ಪೂರ್ವ ಯಥಾಸ್ಥಿತಿಯಲ್ಲಿ ಉಳಿಯಿತು, ಪಶ್ಚಿಮ ಮಾತ್ರ ಬದಲಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ: ಪೂರ್ವದ ನಗರಗಳೂ ಕುಗ್ಗಿದವು, ಸಾಮ್ರಾಜ್ಯ ಏಷ್ಯಾ ಮೈನರ್ ಮತ್ತು ಕೆಲವು ಕರಾವಳಿಗಳಿಗೆ ಇಳಿಯಿತು, ಸೈನ್ಯ ಪ್ರಾಂತಗಳಲ್ಲಿ ನೆಲೆಯೂರಿತು. ಆದರೂ ಕಂದಾಯದ ದಫ್ತರ ಮುಚ್ಚಲಿಲ್ಲ. ವ್ಯತ್ಯಾಸ ಅಲ್ಲಿದೆ.

ಇದೇ ಕಾಲದಲ್ಲಿ ನಕ್ಷೆಯ ಮೇಲೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ನಷ್ಟವಾಯಿತು. ಬಾಲ್ಕನ್ ಪ್ರದೇಶದ ಉತ್ತರ ಭಾಗದಲ್ಲಿ ಲ್ಯಾಟಿನ್ನೂ ದಕ್ಷಿಣದಲ್ಲಿ ಗ್ರೀಕೂ ಬಳಕೆಯಲ್ಲಿದ್ದು, ಎರಡು ಲೋಕಗಳಿಗೂ ಅದು ಸೇತುವಾಗಿತ್ತು. ಜಸ್ಟಿನಿಯನ್ ಹುಟ್ಟಿದ್ದು ಅಲ್ಲಿನ ಲ್ಯಾಟಿನ್ ಮಾತಾಡುವ ಸೀಮೆಯಲ್ಲಿಯೇ. 582ರಲ್ಲಿ ಸಿರ್ಮಿಯಂ ನಗರ ಅವಾರರೆಂಬ ಅಲೆಮಾರಿ ಜನರ ವಶವಾದ ಮೇಲೆ ಸ್ಲಾವ್ ಜನರು ಒಳನಾಡನ್ನೆಲ್ಲ ತುಂಬಿಕೊಂಡು, ಇಟಲಿಗೂ ಕಾನ್‌ಸ್ಟಾಂಟಿನೋಪಲ್‌ಗೂ ನಡುವಿನ ಭೂಮಾರ್ಗ ಕಡಿದುಹೋಯಿತು. ಭಾಷೆಯ ಕೊಂಡಿಯೂ ಸಡಿಲವಾಯಿತು. ಜಸ್ಟಿನಿಯನ್‌ನ ಕಾನೂನು ಸಂಗ್ರಹ ಲ್ಯಾಟಿನ್‌ನಲ್ಲಿದ್ದರೂ ಅವನ ಮುಂದಿನ ಶಾಸನಗಳು ಬಹುತೇಕ ಗ್ರೀಕಿನಲ್ಲಿವೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ವರ್ಷಗಟ್ಟಲೆ ರಾಯಭಾರಿಯಾಗಿದ್ದ, ಮುಂದೆ 590ರಲ್ಲಿ ಪೋಪ್ ಆದ ಗ್ರೆಗರಿ, ಲ್ಯಾಟಿನ್ ಚೆನ್ನಾಗಿ ಬಲ್ಲ ಅನುವಾದಕರು ಆ ರಾಜಧಾನಿಯಲ್ಲಿ ಸಿಗುತ್ತಿಲ್ಲವೆಂದು ದೂರುತ್ತಾನೆ.

ಅನಂತರದ ಹೆಜ್ಜೆಗಳು ಇವುಗಳ ಪರಿಣಾಮ. ಇಟಲಿಯಲ್ಲಿ ಪೂರ್ವದ ಆಡಳಿತ ಕೇಂದ್ರವಾಗಿದ್ದ ರವೆನ್ನಾವನ್ನು 751ರಲ್ಲಿ ಲೊಂಬಾರ್ಡರು ಹಿಡಿದಾಗ ಪೂರ್ವದ ಚಕ್ರವರ್ತಿಯಿಂದ ನೆರವು ಬರಲಿಲ್ಲ. ಮೂರೇ ವರ್ಷಗಳಲ್ಲಿ ಪೋಪ್ ಎರಡನೆಯ ಸ್ಟೀಫನ್ ಆಲ್ಪ್ಸ್ ದಾಟಿ ಫ್ರಾಂಕ್ ದೊರೆ ಪಿಪಿನ್‌ನ ಆಶ್ರಯ ಬೇಡಿದ. 800ರ ಕ್ರಿಸ್‌ಮಸ್ ದಿನ ಶಾರ್ಲೆಮೇನ್‌ಗೆ ರೋಮ್‌ನಲ್ಲಿ ಕಿರೀಟಧಾರಣೆಯಾದಾಗ ಕಾನ್‌ಸ್ಟಾಂಟಿನೋಪಲ್‌ನ ಸಿಂಹಾಸನದಲ್ಲಿ ಐರೀನ್ ಎಂಬ ಸ್ತ್ರೀ ಇದ್ದುದರಿಂದ ಪೀಠ ಖಾಲಿಯೆಂದೇ ಪಶ್ಚಿಮದವರಲ್ಲಿ ಕೆಲವರು ವಾದಿಸಿದರು. ರೋಮನ್ ಚಕ್ರವರ್ತಿ ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟಿಕೊಂಡದ್ದು ಅಂದು.

ಇಲ್ಲಿಗೆ ರೋಮ್‌ನ ಪರಂಪರೆ ಇಬ್ಭಾಗವಾಯಿತು, ಆದರೆ ಇಂದು ನಾವು ಪೂರ್ವ ಯುರೋಪು ಎನ್ನುವ ಪ್ರದೇಶದ ಬಹುಪಾಲು ಇನ್ನೂ ಈ ಕಥೆಯೊಳಗೆ ಬಂದೇ ಇಲ್ಲ ಎಂಬುದನ್ನು ಗಮನಿಸಿ. ಅದು ಬಂದದ್ದು 9 ಮತ್ತು 10ನೇ ಶತಮಾನಗಳಲ್ಲಿ, ಸ್ಲಾವ್ ಮತ್ತಿತರ ದೊರೆಗಳು ಯಾರಿಂದ ದೀಕ್ಷೆ ಪಡೆಯಬೇಕೆಂದು ಆಲೋಚಿಸಿ ನಿರ್ಧರಿಸಿದಾಗ. ಬಲ್ಗೇರಿಯಾದ ದೊರೆ ಬೋರಿಸ್ ಪೂರ್ವದವರಿಂದ ದೀಕ್ಷೆ ಪಡೆದ ಮೇಲೂ, 866ರಲ್ಲಿ ಪೋಪ್ ಮೊದಲನೆಯ ನಿಕೊಲಸ್‌ಗೆ ಪ್ರಶ್ನೆಗಳ ದೊಡ್ಡ ಪಟ್ಟಿ ಕಳುಹಿಸಿದ. ಪೋಪ್‌ನ 106 ಉತ್ತರಗಳು ಉಳಿದುಬಂದಿವೆ. ಗಂಡಸರು ಮಾತ್ರವಲ್ಲದೆ ಹೆಂಗಸರೂ ಷರಾಯಿ ತೊಡಬಹುದೇ, ಯುದ್ಧಕ್ಕೆ ಹೊರಡುವಾಗ ಯಾವ ಧ್ವಜ ಹಿಡಿಯಬೇಕು ಎಂಬಂಥ ವಿಷಯಗಳೂ ಅವುಗಳಲ್ಲಿವೆ. ಸ್ವತಂತ್ರ ಚರ್ಚಿನ ಆಸೆ ರೋಮ್‌ನಿಂದ ಈಡೇರದಿದ್ದಾಗ 870ರಲ್ಲಿ ಬಲ್ಗೇರಿಯಾ ಕಾನ್‌ಸ್ಟಾಂಟಿನೋಪಲ್ ಕಡೆಗೆ ವಾಲಿತು. ಮೊರಾವಿಯಾದ ಕಥೆ ಇದಕ್ಕೆ ತದ್ವಿರುದ್ಧ: ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರು 863ರಲ್ಲಿ ಸ್ಲಾವ್ ಭಾಷೆಯ ಪೂಜಾಕ್ರಮವನ್ನು ಒಯ್ದದ್ದು ಅಲ್ಲಿಗೆ, ಆದರೆ 885ರಲ್ಲಿ ಮೆಥೋಡಿಯಸ್ ತೀರಿಕೊಂಡ ಬಳಿಕ ಶಿಷ್ಯರನ್ನು ಹೊರಹಾಕಲಾಯಿತು, ಆ ಸೀಮೆ ಲ್ಯಾಟಿನ್ ಚರ್ಚಿನದಾಯಿತು. ಪೋಲೆಂಡಿನ ಮಿಯೆಶ್ಕೊ 966ರಲ್ಲಿ ಲ್ಯಾಟಿನ್ ದೀಕ್ಷೆ ಪಡೆದ. ಕೀವ್‌ನ ವ್ಲಾದಿಮಿರ್ 988ರಲ್ಲಿ ಪೂರ್ವದ ದೀಕ್ಷೆ ಪಡೆದ. ಸರ್ಬಿಯಾ 13ನೇ ಶತಮಾನದಲ್ಲಿಯೂ ಎರಡು ಕಡೆ ನೋಡುತ್ತಿತ್ತು: ದೊರೆ ಸ್ಟೀಫನ್ 1217ರಲ್ಲಿ ಕಿರೀಟ ಪಡೆದದ್ದು ಪೋಪ್‌ನಿಂದ, ಅವನ ತಮ್ಮ ಸಾವ 1219ರಲ್ಲಿ ಸ್ವತಂತ್ರ ಚರ್ಚಿನ ಮನ್ನಣೆ ಪಡೆದದ್ದು ಪೂರ್ವದ ಪೇಟ್ರಿಯಾರ್ಕ್‌ನಿಂದ.

ಈಗ 1054. ಆ ವರ್ಷದ ಜುಲೈ 16ರಂದು ಪೋಪ್‌ನ ಪ್ರತಿನಿಧಿ ಕಾರ್ಡಿನಲ್ ಹಂಬರ್ಟ್, ಕಾನ್‌ಸ್ಟಾಂಟಿನೋಪಲ್‌ನ ಮಹಾಚರ್ಚಾದ ಹಾಗಿಯಾ ಸೋಫಿಯಾದ ವೇದಿಕೆಯ ಮೇಲೆ ಬಹಿಷ್ಕಾರದ ಪತ್ರವಿಟ್ಟು ಹೊರಟುಹೋದ. ಬಹಿಷ್ಕಾರವಿದ್ದದ್ದು ಪೇಟ್ರಿಯಾರ್ಕ್ ಮೈಕೆಲ್ ಸೆರುಲೇರಿಯಸ್ ಮತ್ತು ಅವನ ಬೆಂಬಲಿಗರ ಮೇಲೆ, ಇಡೀ ಪೂರ್ವದ ಚರ್ಚಿನ ಮೇಲಲ್ಲ. ಹಂಬರ್ಟ್‌ನನ್ನು ಕಳುಹಿಸಿದ ಪೋಪ್ ಒಂಬತ್ತನೆಯ ಲಿಯೊ ಏಪ್ರಿಲ್‌ನಲ್ಲಿಯೇ ತೀರಿಕೊಂಡಿದ್ದ. ಪೂರ್ವದವರು ಪ್ರತಿಯಾಗಿ ಬಹಿಷ್ಕರಿಸಿದ್ದು ಬಂದಿದ್ದ ಪ್ರತಿನಿಧಿಗಳನ್ನು. ಹುಳಿಯಿಲ್ಲದ ರೊಟ್ಟಿಯ ಬಳಕೆ, ಪವಿತ್ರಾತ್ಮವು ತಂದೆಯಿಂದಷ್ಟೇ ಹೊರಡುತ್ತದೆಯೋ ಮಗನಿಂದಲೂ ಹೊರಡುತ್ತದೆಯೋ ಎಂಬ ವಿವಾದ, ಪೋಪ್‌ನ ಪರಮಾಧಿಕಾರ, ಇವು ನಿಜವಾದ ಭಿನ್ನಾಭಿಪ್ರಾಯಗಳೇ. ಆದರೆ ಸಂಬಂಧ ಅಂದೇ ಮುರಿದಿದ್ದರೆ, 1095ರಲ್ಲಿ ಚಕ್ರವರ್ತಿ ಅಲೆಕ್ಸಿಯಸ್ ಟರ್ಕರ ವಿರುದ್ಧ ಪೋಪ್‌ನ ಸಹಾಯ ಕೇಳಿದ್ದನ್ನೂ ಅದರಿಂದ ಮೊದಲ ಧರ್ಮಯುದ್ಧ ಹೊರಟಿದ್ದನ್ನೂ ವಿವರಿಸಲಾಗುವುದಿಲ್ಲ.

ಸಾಮಾನ್ಯ ಜನರ ಮನಸ್ಸಿನಲ್ಲಿ ಒಡಕು ನೆಟ್ಟದ್ದು ರಕ್ತಪಾತದಿಂದ. 1182ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಜನರು ಅಲ್ಲಿ ನೆಲೆಸಿದ್ದ ಇಟಲಿಯ ವ್ಯಾಪಾರಿಗಳನ್ನು ಕೊಂದರು. 1185ರಲ್ಲಿ ಸಿಸಿಲಿಯ ನಾರ್ಮನ್ನರು ಥೆಸಲೋನಿಕಾವನ್ನು ಲೂಟಿ ಮಾಡಿದರು. 1204ರ ಏಪ್ರಿಲ್‌ನಲ್ಲಿ ನಾಲ್ಕನೆಯ ಧರ್ಮಯುದ್ಧದ ಸೈನ್ಯ, ವೆನಿಸ್‌ನ ಹಡಗುಗಳಲ್ಲಿ ಬಂದು, ಕ್ರೈಸ್ತರ ಆ ಮಹಾನಗರವನ್ನೇ ಕೊಳ್ಳೆಹೊಡೆದು ಲ್ಯಾಟಿನ್ ಚಕ್ರವರ್ತಿಯನ್ನೂ ಲ್ಯಾಟಿನ್ ಪೇಟ್ರಿಯಾರ್ಕ್‌ನನ್ನೂ ಕೂರಿಸಿತು. 1261ರಲ್ಲಿ ಗ್ರೀಕರು ನಗರವನ್ನು ಮರಳಿ ಪಡೆದರೂ ಸಾಮ್ರಾಜ್ಯ ಚೇತರಿಸಿಕೊಳ್ಳಲಿಲ್ಲ, ದ್ವೇಷವೂ ಹೋಗಲಿಲ್ಲ. ದೇವತಾಶಾಸ್ತ್ರದ ಭಿನ್ನಾಭಿಪ್ರಾಯವನ್ನು ಶತ್ರುತ್ವವನ್ನಾಗಿ ಮಾಡಿದ ವರ್ಷವೊಂದನ್ನು ಹೆಸರಿಸಲೇಬೇಕಾದರೆ ನಾನು 1204ನ್ನು ಹೆಸರಿಸುತ್ತೇನೆ. 1054ರ ಪರಸ್ಪರ ಬಹಿಷ್ಕಾರಗಳನ್ನು 1965ರ ಡಿಸೆಂಬರ್‌ನಲ್ಲಿ ಪೋಪ್ ಆರನೆಯ ಪಾಲ್ ಮತ್ತು ಪೇಟ್ರಿಯಾರ್ಕ್ ಅಥೆನಾಗೊರಸ್ ಹಿಂತೆಗೆದುಕೊಂಡರು. ಚರ್ಚುಗಳು ಅಷ್ಟರಿಂದ ಒಂದಾಗಲಿಲ್ಲ ಎಂಬುದೇ ಒಡಕಿನ ಬೇರು ಆ ಪತ್ರದಲ್ಲಿರಲಿಲ್ಲವೆಂದು ತೋರಿಸುತ್ತದೆ.

ವಿಡಿಯೋದ ವಾದವನ್ನು ಪರೀಕ್ಷಿಸಲು ನಕ್ಷೆಯೊಂದು ಸಾಕು. 1946ರಲ್ಲಿ ಚರ್ಚಿಲ್ ವಿವರಿಸಿದ ಕಬ್ಬಿಣದ ಪರದೆ, ಅಂದರೆ ಶೀತಲ ಸಮರದ ಗಡಿ, ಬಾಲ್ಟಿಕ್ ತೀರದ ಸ್ಟೆಟಿನ್‌ನಿಂದ ಏಡ್ರಿಯಾಟಿಕ್ ತೀರದ ಟ್ರಿಯೆಸ್ಟ್‌ವರೆಗೆ ಹಾದಿತ್ತು. ಅದರ ಪೂರ್ವಕ್ಕಿದ್ದ ಪೋಲೆಂಡ್, ಚೆಕೊಸ್ಲೊವಾಕಿಯಾ, ಹಂಗೆರಿಗಳು ಪ್ರಧಾನವಾಗಿ ಲ್ಯಾಟಿನ್ ಕ್ರೈಸ್ತ ಪರಂಪರೆಯವು, ಪೋಲೆಂಡಂತೂ ರೋಮನ್ ಆಳ್ವಿಕೆಗೆ ಎಂದೂ ಒಳಪಟ್ಟಿರಲಿಲ್ಲ. ಆರ್ಥೊಡಾಕ್ಸ್ ಪರಂಪರೆಯ, ಅಂದರೆ ಪೂರ್ವದ ಚರ್ಚಿನ, ತಾಯ್ನೆಲವಾದ ಗ್ರೀಸ್ 1952ರಲ್ಲಿ ಪಶ್ಚಿಮದ ಸೈನಿಕ ಒಕ್ಕೂಟವಾದ ನೇಟೊ ಸೇರಿತು. ರೊಮೇನಿಯಾದವರ ಭಾಷೆ ಲ್ಯಾಟಿನ್‌ನಿಂದ ಬಂದದ್ದು, ಧರ್ಮ ಆರ್ಥೊಡಾಕ್ಸ್, 19ನೇ ಶತಮಾನದ ಮಧ್ಯದವರೆಗೂ ಬರೆಯುತ್ತಿದ್ದದ್ದು ಸಿರಿಲಿಕ್ ಲಿಪಿಯಲ್ಲಿ. ಆ ಪರದೆಯನ್ನು ನಿರ್ಧರಿಸಿದ್ದು 1945ರಲ್ಲಿ ಸೋವಿಯತ್ ಸೈನ್ಯ ಎಲ್ಲಿಯವರೆಗೆ ಬಂದಿತ್ತು ಎಂಬುದು. ಎಲ್ಬ್ ನದಿಯ ಪೂರ್ವದ ದೇಶಗಳ ಆರ್ಥಿಕ ಹಿನ್ನಡೆಗೆ ಕಾರಣ ಹುಡುಕುವವರು 15–16ನೇ ಶತಮಾನಗಳಿಂದ ಅಲ್ಲಿ ಬಿಗಿಯಾದ ಜೀತ ಪದ್ಧತಿಯನ್ನೂ ಧಾನ್ಯ ರಫ್ತನ್ನೂ ನೋಡಬೇಕು. ಥಿಯೋಡೋಸಿಯಸ್‌ನ ಮಕ್ಕಳಿಗೆ ಅದರಲ್ಲಿ ಪಾತ್ರವಿಲ್ಲ. ಉಕ್ರೇನಿನಲ್ಲಿ ಪೂರ್ವದ ಪೂಜಾಕ್ರಮ ಅನುಸರಿಸುತ್ತಲೇ ಪೋಪ್‌ನನ್ನು ಒಪ್ಪಿಕೊಂಡ ಚರ್ಚೊಂದು 1596ರಿಂದ ಇದೆ. ಸಮರದ ಎರಡೂ ಬದಿಗಳಲ್ಲಿ ಆರ್ಥೊಡಾಕ್ಸ್ ಕ್ರೈಸ್ತರೇ ಬಹುಸಂಖ್ಯಾತರು. ಹಳೆಯ ಗೆರೆಯ ನೆರಳು ಸ್ಪಷ್ಟವಾಗಿ ಕಾಣುವ ಜಾಗ ಕ್ರೊವೇಷಿಯಾ ಮತ್ತು ಸರ್ಬಿಯಾಗಳ ನಡುವೆ. ಅಲ್ಲಿ ಮಾತು ಬಹುತೇಕ ಒಂದೇ, ಧರ್ಮ ಬೇರೆ, ಲಿಪಿಯ ಪರಂಪರೆ ಬೇರೆ. ಅಲ್ಲಿಯೂ ಆ ಜನರು ಬಂದು ನೆಲೆಸಿದ್ದೇ 395ರ ಎರಡು ಶತಮಾನಗಳ ಅನಂತರ ಎಂಬುದನ್ನು ಮರೆಯಬಾರದು.

ತರಗತಿಯಲ್ಲಿ ಯಾವ ವಿವರಣೆ ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ. ದಿನಾಂಕಗಳ ಮೂಲಕ ಹೇಳುವುದು ಸುಲಭ, ಪರೀಕ್ಷೆಗೂ ಅನುಕೂಲ. ಅದರಿಂದ ಆಗುವ ತೊಂದರೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿಯೇ ಇದೆ. ಧರ್ಮದ ಮೂಲಕ ಹೇಳಿದರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ, ಆದರೆ ಎರಡು ಜನಾಂಗಗಳು ನಂಬಿಕೆಗಾಗಿ ಮೊದಲಿನಿಂದಲೂ ಶತ್ರುಗಳಾಗಿದ್ದವೆಂಬ ತಪ್ಪು ಚಿತ್ರ ನಿಲ್ಲುವ ಅಪಾಯ ದೊಡ್ಡದು, ಅಂಥ ಚಿತ್ರಗಳನ್ನು ಇಂದಿನ ರಾಜಕಾರಣಿಗಳು ಬಳಸಿಕೊಳ್ಳುವುದನ್ನೂ ನೋಡುತ್ತಿದ್ದೇವೆ. ಅರಬ್ಬರ ವಿಜಯದಿಂದ ಮೆಡಿಟರೇನಿಯನ್ ವ್ಯಾಪಾರ ನಿಂತು ಯುರೋಪು ಒಡೆಯಿತೆಂಬ, ಕಳೆದ ಶತಮಾನದಲ್ಲಿ ಪ್ರಭಾವಶಾಲಿಯಾಗಿದ್ದ ವಾದ ಪೂರ್ತಿ ಸುಳ್ಳಲ್ಲ. ಆದರೆ ಪಶ್ಚಿಮದ ವ್ಯಾಪಾರ ಅರಬ್ಬರು ಬರುವ ಮೊದಲೇ ಕುಗ್ಗುತ್ತಿತ್ತೆಂದು ಉತ್ಖನನಗಳಲ್ಲಿ ಸಿಕ್ಕಿರುವ ಮಡಕೆ ಚೂರುಗಳ ಅಧ್ಯಯನ ತೋರಿಸಿದೆ. ನಾನು ಆರಿಸಿಕೊಳ್ಳುವುದು ಮೇಲೆ ಹೇಳಿದ ಕಂದಾಯದ ವಿವರಣೆಯನ್ನು: ಪೂರ್ವದಲ್ಲಿ ಸಂಬಳ ಕೊಡುವ ರಾಜ್ಯ ಉಳಿಯಿತು, ಪಶ್ಚಿಮದಲ್ಲಿ ನೆಲ ಕೊಡುವ ರಾಜ್ಯ ಬಂತು, ಚರ್ಚುಗಳ ಸ್ವರೂಪ ಅದಕ್ಕೆ ತಕ್ಕಂತೆ ಬೇರೆಯಾಯಿತು. ಇದಕ್ಕೂ ಒಂದು ಕೊರತೆಯಿದೆ. ನಂಬಿಕೆಯನ್ನು ಕೇವಲ ಹಣಕಾಸಿನ ನೆರಳಾಗಿ ಮಾಡಿಬಿಡುವ ಸಾಧ್ಯತೆಯಿದೆ. ಬೋರಿಸ್ ದೊರೆಯ ಪ್ರಶ್ನೆಗಳ ಪ್ರಸಂಗವನ್ನು ಸೇರಿಸಿ ಹೇಳಿದರೆ, ಧರ್ಮದ ಆಯ್ಕೆಯನ್ನು ಜನ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂಬುದು ಮಕ್ಕಳಿಗೆ ತಿಳಿಯುತ್ತದೆ.

1453ರ ಬಗ್ಗೆ ಒಂದು ಮಾತು ಸೇರಿಸಬೇಕು. ಕಾನ್‌ಸ್ಟಾಂಟಿನೋಪಲ್ ಬಿದ್ದದ್ದರಿಂದಲೇ ಪೋರ್ಚುಗೀಸರು ಸಮುದ್ರ ಮಾರ್ಗ ಹುಡುಕಿದರು ಎಂದು ಕಲಿಸುವಾಗ, ಅವರು 1415ರಲ್ಲಿಯೇ ಉತ್ತರ ಆಫ್ರಿಕಾದ ಸೆಯೂಟಾವನ್ನು ಹಿಡಿದು 1434ರಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯ ಬೊಜಾಡೋರ್ ಭೂಶಿರ ದಾಟಿದ್ದರು ಎಂಬುದನ್ನೂ, ಸಾಂಬಾರ ಪದಾರ್ಥಗಳು ಮುಖ್ಯವಾಗಿ ವೆನಿಸ್‌ಗೆ ಬರುತ್ತಿದ್ದದ್ದು ಇನ್ನೂ ಟರ್ಕರ ಕೈಗೆ ಸಿಗದಿದ್ದ ಅಲೆಕ್ಸಾಂಡ್ರಿಯಾ ಮೂಲಕ ಎಂಬುದನ್ನೂ ತಿಳಿಸಿ. ಪರೀಕ್ಷೆಯ ಉತ್ತರದಲ್ಲಿ 476ನ್ನು ಬಿಡಬೇಕಾಗಿಲ್ಲ. "476ರಲ್ಲಿ ಪಶ್ಚಿಮ ರೋಮನ್ ಚಕ್ರವರ್ತಿಗಳ ಪರಂಪರೆ ಇಟಲಿಯಲ್ಲಿ ಕೊನೆಗೊಂಡಿತು" ಎಂದು ಬರೆಸಿದರೆ ಅಂಕವೂ ಸಿಗುತ್ತದೆ, ವಾಕ್ಯವೂ ಸರಿಯಾಗಿರುತ್ತದೆ.